ಕೊನೆಯ ತಿರುವಿನ ಗೋಡೆ

ಮಂಡಕಳ್ಳಿ ಹತ್ತಿರದ ಬಿಎಂಎಕ್ಸ್ ಸೈಕಲ್ ಟ್ರ್ಯಾಕಿನಲ್ಲಿ ನನ್ನ ಹೆಂಡತಿ ಸಂಜೆ ಹೊತ್ತು ಮಕ್ಕಳಿಗೆ ರೇಸ್ ಕಲಿಸುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಬಡಾವಣೆಯವರೆಲ್ಲ ಸೇರಿ ಅಲ್ಲಿನ ಗೋಡೆಯ ಮೇಲೆ ಅವಳ ಚಿತ್ರ ಬರೆಸಲು ಕಲಾವಿದೆಯೊಬ್ಬರನ್ನು ಕರೆಸಿದೆವು. ನಾನು ಅವಳ ನಗುಮುಖದ ಫೋಟೊ ಕೊಟ್ಟೆ. ಅವಳ ಶಿಷ್ಯೆಯೊಬ್ಬಳು ಅದನ್ನು ನೋಡಿ ಅಲ್ಲವೆಂಬಂತೆ ತಲೆಯಾಡಿಸಿದಳು.

"ಇಲ್ಲಿ ಮಿಸ್ಸು ಹಿಂಗಿರ್ತಿರ್ಲಿಲ್ಲ ಅಂಕಲ್. ಕೊನೇ ತಿರುವಲ್ಲಿ ನಿಂತ್ಕೊಂಡು, 'ಬ್ರೇಕ್ ಬುಟ್ಬುಡ್ರೋ!' ಅಂತ ಕೂಗೋರು."

ಕಲಾವಿದೆ ಹಾಗೆಯೇ ಬರೆದರು. ಕೈಯೆತ್ತಿ, ಬಾಯ್ತೆರೆದು ಕೂಗುತ್ತಿರುವ ನನ್ನವಳು. ಮನೆಯಲ್ಲಿ ಅವಳದು ಮೆತ್ತಗಿನ ಮಾತು. ಸಂಜೆಯೆಲ್ಲ ಲಷ್ಕರ್ ಮೊಹಲ್ಲಾದ ಅಂಗಡಿಯಲ್ಲೇ ಇರುತ್ತಿದ್ದ ನಾನು ಆ ಕೂಗನ್ನು ಕೇಳಿದ್ದೇ ಇಲ್ಲ. ಈಗ ಬೇಗ ಬಾಗಿಲು ಹಾಕಿ ಆ ಗೋಡೆಯ ಹತ್ತಿರ ಹೋಗುತ್ತೇನೆ. ಮಿಸ್ಸು ಹೇಗೆ ಕೂಗುತ್ತಿದ್ದರೆಂದು ಕೇಳಿದರೆ ಮಕ್ಕಳು ಕೂಗಿ ತೋರಿಸುತ್ತಾರೆ. ಇನ್ನೊಮ್ಮೆ ಎನ್ನುತ್ತೇನೆ.