ಮೂರು ಸ್ಟಾರ್‌ಗೆ ಚೌಕಾಸಿ

ನನ್ನ ಹೆಂಡತಿಯ ಹಾಡಿನ ಸಿ.ಡಿ.ಗೆ ಬಿದ್ದ ಖರ್ಚು ಆರುನೂರು ಪೌಂಡ್. ಸ್ಟುಡಿಯೋದವನು ಮೊದಲು ಕೇಳಿದ್ದು ಒಂಬೈನೂರು. ಡರ್ಬಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕಾರ್ಪೆಟ್ ಅಂಗಡಿ ನಡೆಸುವವನಿಗೆ ಮುನ್ನೂರು ಇಳಿಸುವುದು ದೊಡ್ಡ ಮಾತಲ್ಲ. ನನಗೆ ಹೆಮ್ಮೆ ಇದ್ದದ್ದು ಬೇರೆಯದಕ್ಕೆ. ಕಾರ್ಪೆಟ್ ಮಾರುವಾಗ ಅದರ ಅಡಿಗೆ ಹಾಸುವ ಅಂಡರ್‌ಲೇಯನ್ನು ನಾನು ಪುಕ್ಕಟೆ ಕೊಡುತ್ತೇನೆ. ಹಾಗಾಗಿ ಯಾರಿಂದ ಏನು ಕೊಂಡರೂ ಮೇಲೊಂದಿಷ್ಟು ಕೇಳಿ ಪಡೆಯದಿದ್ದರೆ ಉಂಡ ಅನ್ನ ಕರಗುವುದಿಲ್ಲ. ಸ್ಟುಡಿಯೋದವನಿಂದ ಒಬ್ಬ ಕೀಬೋರ್ಡ್ ನುಡಿಸುವವನನ್ನು ಪುಕ್ಕಟೆ ಪಡೆದೆ.

ಹಾಡುಗಳು ನನ್ನ ಅತ್ತೆಯವು. ಗದಗದ ಕಡೆಯ ಹಳ್ಳಿಯಲ್ಲಿ ಅವರು ಜೋಳ ಬೀಸುತ್ತಾ ಹಾಡುತ್ತಿದ್ದುದನ್ನು ನನ್ನಾಕೆ ಪಕ್ಕದಲ್ಲಿ ಕೂತು ಕಲಿತವಳು. ಇಲ್ಲಿ ಬೀಸುವ ಕಲ್ಲಿಲ್ಲ, ಭಾನುವಾರ ರೊಟ್ಟಿ ಬಡಿಯುವಾಗ ಹಾಡುತ್ತಾಳೆ. ಹಾಡು ಕೇಳಿಸಿತೆಂದರೆ ಹಂಚು ಕಾದಿದೆ ಎಂದರ್ಥ. ನಾನು ಕೈ ತೊಳೆದು ಕೂಡುತ್ತೇನೆ. ಒಮ್ಮೆ ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿ ನಮ್ಮವರ ಮನೆಯ ಸಮಾರಂಭದಲ್ಲಿ ಹಾಡಿದಾಗ ಡಾಕ್ಟರರು, ಎಂಜಿನಿಯರರು ಎಲ್ಲ ಸುಮ್ಮನೆ ಕೂತು ಕೇಳಿದರು. ಆ ಮಂದಿ ಒಟ್ಟಿಗೆ ಸುಮ್ಮನಿದ್ದದ್ದನ್ನು ನಾನು ಕಂಡದ್ದು ಅದೇ ಮೊದಲು. ಸಿ.ಡಿ. ಮಾಡಿಸುವ ಯೋಚನೆ ಹುಟ್ಟಿದ್ದು ಅಲ್ಲಿಯೇ.

"ಮಾಡಸ್ರಿ. ಆದ್ರ ಹಾಡಿನ ಜೋಡಿ ಏನೂ ಬಾರಸೂದು ಬ್ಯಾಡ," ಎಂದಳು.

"ಪುಕ್ಕಟೆ ಬರ್ತದ," ಎಂದೆ.

"ಪುಕ್ಕಟೆ ಬಂದದ್ದನ್ನ ನೀವ ಕೇಳ್ಕೋತ ಕೂಡ್ರಿ."

ಮಾತು ಅಲ್ಲಿಗೇ ನಿಂತಿತು. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ.

ರೆಕಾರ್ಡಿಂಗ್ ದಿನ ಒಂದು ವಿಷಯ ಗಮನಕ್ಕೆ ಬಂತು. ಎರಡು ಸಾಲು ಹಾಡಿದ ಮೇಲೆ ಆಕೆ ಒಂದೆರಡು ಉಸಿರಿನಷ್ಟು ಹೊತ್ತು ನಿಲ್ಲುತ್ತಿದ್ದಳು. ಸ್ಟುಡಿಯೋ ಹಿಡಿದದ್ದು ಗಂಟೆಯ ಲೆಕ್ಕದಲ್ಲಿ, ಹೊತ್ತು ಮೀರಿದರೆ ಆರುನೂರರ ಮೇಲೆ ಬಾಡಿಗೆ ಏರುತ್ತದೆ.

"ನಡುವ ನಡುವ ಯಾಕ ನಿಂದರ್ತಿ?"

"ಅವ್ವ ಅಲ್ಲೆ ಕಲ್ಲಿನ ಬಾಯಿಗೆ ಒಂದ್ ಹಿಡಿ ಜ್ವಾಳ ಹಾಕ್ತಿದ್ಲು."

"ಇಲ್ಲೆ ಎಲ್ಲದ ಜ್ವಾಳ?"

ಆಕೆ ನನ್ನನ್ನು ಒಮ್ಮೆ ನೋಡಿದಳು. ಆದರೆ ನಡುನಡುವೆ ತೂತಿರುವ ಕಾರ್ಪೆಟನ್ನು ಯಾವ ಗಿರಾಕಿಗೆ ಮಾರುವುದು? ಕೀಬೋರ್ಡಿನವನಿಗೆ ಖಾಲಿ ಜಾಗ ತುಂಬಲು ಸನ್ನೆ ಮಾಡಿದೆ. ಪುಣ್ಯಾತ್ಮ ಒಂದೂ ಬಿಡದೆ ತುಂಬಿದ. ಟಿಣಿಟಿಣಿ ಬಾರಿಸುತ್ತಾ ಕೇರಿಗೆ ಐಸ್‌ಕ್ರೀಮ್ ವ್ಯಾನ್ ಬಂದಂತಿತ್ತು. ಎಂಟು ಹಾಡು ಮುಗಿದ ಮೇಲೆ ಮ್ಯಾಂಚೆಸ್ಟರ್ ಟ್ರೇನ್ ತಪ್ಪುತ್ತದೆಂದು ಎದ್ದು ಹೋದ. ಕೊನೆಯ ಎರಡನ್ನು ಆಕೆ ಒಬ್ಬಳೇ ಹಾಡಿದಳು. ಎರಡು ಹಾಡು ದಂಡವಾಯಿತು ಎಂದು ನಾನು ಹೊಟ್ಟೆ ಉರಿಸಿಕೊಂಡೆ.

ಸಿ.ಡಿ. ಬಂತು. ಆಕೆ ಕಾರಿನಲ್ಲಿ ಒಮ್ಮೆ ಕೇಳಿ, "ಛಲೋ ಬಂದದ," ಎಂದು ಇಳಿದು ಒಳಗೆ ಹೋದಳು. ಮುಂದಿನ ಭಾನುವಾರ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಮಾತ್ರ ಬಂತು. ಅದರ ಮುಂದಿನ ಭಾನುವಾರವೂ ಅಷ್ಟೇ. ಮುನಿಸಿಲ್ಲ, ಜಗಳವಿಲ್ಲ, ಹಾಡು ಮಾತ್ರ ಇಲ್ಲ. ಯಾವಾಗ ಕೂಡಬೇಕೆಂದು ತಿಳಿಯದೆ ಎರಡು ಸಲ ಆರಿದ ರೊಟ್ಟಿ ತಿಂದೆ. ಅತ್ತೆಯಿಂದ ಬಂದ ಹಾಡು ನನ್ನ ಮನೆಯಲ್ಲಿ ನಿಂತುಹೋಯಿತೇನೋ ಎಂದು ಒಳಗೊಳಗೇ ಅಂಜಿಕೆ ಶುರುವಾಯಿತು.

ಯಾರಾದರೂ ತಿಳಿದವರು ಹೊಗಳಿದರೆ ಸರಿಹೋದಾಳು ಎಂದು ಲೀಡ್ಸ್‌ನಿಂದ ಬರುವ ಹಳ್ಳಿ ಹಾಡುಗಳ ಸಣ್ಣ ಪತ್ರಿಕೆಯೊಂದಕ್ಕೆ ಸಿ.ಡಿ. ಕಳಿಸಿದೆ. ಎರಡು ತಿಂಗಳ ಮೇಲೆ ವಿಮರ್ಶೆ ಬಂತು. ಬರೆದಾಕೆ ನಿವೃತ್ತ ಶಾಲಾ ಟೀಚರ್. ಕೊನೆಯ ಎರಡು ಹಾಡಿಗಾಗಿಯಾದರೂ ಇದನ್ನು ಕೊಳ್ಳಿ ಎಂದಿದ್ದರು. ಕೆಳಗೆ ಐದರಲ್ಲಿ ಮೂರು ಸ್ಟಾರ್.

ಬಾಯಿಬಿಟ್ಟು ಮೂರು ಎಂದವರು ನಾಲ್ಕಕ್ಕೆ ತಯಾರಿದ್ದೇ ಇರುತ್ತಾರೆ. ಪತ್ರಿಕೆಯಲ್ಲಿದ್ದ ಅವರ ನಂಬರಿಗೆ ಫೋನ್ ಹಚ್ಚಿದೆ. ಮ್ಯಾಂಚೆಸ್ಟರ್ ಪಕ್ಕದ ಟಿ.ವಿ. ಕೇಂದ್ರ ಮೀಡಿಯಾಸಿಟಿಯಲ್ಲಿ ಕೆಲಸ ಮಾಡುವ ಮಗಳು ರಜೆಗೆ ಬಂದವಳು ತಲೆ ಹಿಡಿದುಕೊಂಡಳು. "ಡ್ಯಾಡ್, ಯು ಕಾಂಟ್ ಹ್ಯಾಗಲ್ ವಿತ್ ಅ ರಿವ್ಯೂ."

"ವಿಮರ್ಶೆಗೆ ಚೌಕಾಸಿ ಮಾಡಬಾರದಂತ ಯಾರ್ ಹೇಳಿದ್ರು?"

"ಎವ್ರಿಬಡಿ."

ಬರೆದುಕೊಳ್ಳಲು ಕೈ ಖಾಲಿ ಇರಲೆಂದು ಸ್ಪೀಕರ್ ಹಾಕಿ ನಾಲ್ಕು ಸ್ಟಾರ್ ಕೇಳಿದೆ. ಆಗುವುದಿಲ್ಲ ಎಂದರು ಟೀಚರ್. ಮೂರೂವರೆ ಎಂದೆ. ಅರ್ಧ ಸ್ಟಾರ್ ಅಚ್ಚು ಹಾಕುವುದಿಲ್ಲ ಎಂದರು.

"ನಿಮ್ಮ ಮನೆಯ ಮೆಟ್ಟಿಲಿನ ಕಾರ್ಪೆಟ್ ಹಳೆಯದಾಗಿರಬೇಕಲ್ಲ?" ಎಂದೆ.

"ಹಳೆಯದೇ. ಅದು ಹಾಗೇ ಇರಲಿ," ಎಂದರು. "ನೋಡಿ, ಆ ದನಿಗೆ ನಾನು ಐದು ಕೊಟ್ಟಿದ್ದೆ. ಕೀಬೋರ್ಡ್ ಎರಡನ್ನು ತಿಂದಿತು. ಕೊನೆಯ ಎರಡು ಹಾಡಿನಲ್ಲಿ ಆಕೆ ಆಗಾಗ ನಿಲ್ಲುತ್ತಾರಲ್ಲ, ಆಗ ಏನು ಮಾಡುತ್ತಿರುತ್ತಾರೆ? ನನಗೆ ಭಾಷೆ ಬಾರದು. ಆದರೆ ಅಲ್ಲಿ ಕೈ ಏನೋ ಕೆಲಸ ಮಾಡುತ್ತಿದೆ ಅನ್ನಿಸಿತು."

"ಕಲ್ಲಿಗೆ ಜೋಳ ಹಾಕುತ್ತಾಳೆ," ಎಂದೆ.

"ಹಾಗಾದರೆ ಮೊದಲ ಎಂಟರಲ್ಲಿ ಯಾಕೆ ಹಾಕಗೊಡಲಿಲ್ಲ?"

ಥ್ಯಾಂಕ್ಸ್ ಹೇಳಿ ಫೋನ್ ಇಟ್ಟೆ. ತಿರುಗಿದರೆ ಅಡುಗೆಮನೆ ಬಾಗಿಲಲ್ಲಿ ನನ್ನಾಕೆ.

"ದನಿಗೆ ಐದಂತ?"

"ಹೂಂ. ಐದು."

"ಮತ್ತ ಎರಡು ಎಲ್ಲಿಗ್ ಹೋದ್ವು?"

ಆಕೆಗೆ ಗೊತ್ತಿತ್ತು. ನನ್ನ ಬಾಯಿಂದ ಬರಬೇಕಿತ್ತು. "ನಾನ ತಿಂದ್ನಿ," ಎಂದೆ.

"ಪುಕ್ಕಟೆ," ಎಂದು ಒಳಗೆ ಹೋದಳು.

ಮರುದಿನವೇ ಸ್ಟುಡಿಯೋಕ್ಕೆ ಹೋದೆ. ಪುಣ್ಯಕ್ಕೆ ದನಿ ಬೇರೆ, ಕೀಬೋರ್ಡ್ ಬೇರೆಯಾಗಿಯೇ ದಾಖಲಾಗಿದ್ದವು. ಎಂಟು ಹಾಡಿನಿಂದ ಕೀಬೋರ್ಡ್ ತೆಗೆದು ಹೊಸ ಸಿ.ಡಿ. ಮಾಡಲು ಇನ್ನೂರು ಪೌಂಡ್ ಕೇಳಿದ. ಕೊಟ್ಟೆ. ಅವನು ಗಾಬರಿಯಾಗಿ ಮೈ ಹುಷಾರಿದೆಯೇ ಎಂದು ವಿಚಾರಿಸಿದ.

ಟೀಚರಿಗೂ ಒಂದು ಪ್ರತಿ ಕಳಿಸಿದೆ. ಅಚ್ಚಾದದ್ದು ಅಚ್ಚಾಯಿತು, ಮೂರು ಮೂರೇ ಎಂದು ಉತ್ತರ ಬಂತು. ನಮ್ಮಾಕೆ ಈ ಸಲವೂ ಕಾರಿನಲ್ಲೇ ಕೇಳಿದಳು. ಹತ್ತೂ ಹಾಡು ಮುಗಿಯುವವರೆಗೆ ಇಳಿಯಲಿಲ್ಲ. ಆ ಭಾನುವಾರ ಹಾಡು ಕೇಳಿಸಿತು. ನಾನು ಕೈ ತೊಳೆದು ಕೂತೆ. ಎರಡು ಸಾಲು ಹಾಡಿ ನಿಂತಳು. ನಾನೂ ಸುಮ್ಮನಿದ್ದೆ.

ನೀವೂ ಮನೆಯವರ ಹಾಡು ರೆಕಾರ್ಡ್ ಮಾಡಿಸುವುದಿದ್ದರೆ ಕೇಳಿ. ಸ್ಟುಡಿಯೋವನ್ನು ದಿನದ ಲೆಕ್ಕದಲ್ಲಿ ಹಿಡಿಯಿರಿ, ಗಂಟೆಯ ಲೆಕ್ಕ ಹಾಡುವವರ ಕತ್ತಿನ ಮೇಲೆ ಕೂಡುತ್ತದೆ. ದನಿಯನ್ನು ಬೇರೆಯಾಗಿ ದಾಖಲಿಸಬೇಕೆಂದು ಮೊದಲೇ ಬರೆಸಿಕೊಳ್ಳಿ. ಏನಾದರೂ ಪುಕ್ಕಟೆ ಬರುವುದಿದ್ದರೆ, ಅದನ್ನು ತೆಗೆಸಲು ಎಷ್ಟಾಗುತ್ತದೆ ಎಂದು ವಿಚಾರಿಸಿ ಆಮೇಲೆ ಹೂಂ ಅನ್ನಿ. ವಿಮರ್ಶೆ ಬರೆದವರಿಗೆ ಫೋನ್ ಮಾಡಬೇಡಿ. ಮಾಡಿಯೇ ತೀರುತ್ತೇನೆ ಎನ್ನುವವರು ಸ್ಪೀಕರ್ ಹಾಕಿಯೇ ಮಾಡಿ. ನಾನು ಹಾಕದೇ ಇದ್ದಿದ್ದರೆ ಇವತ್ತಿಗೂ ಆರಿದ ರೊಟ್ಟಿಯೇ ಗತಿಯಾಗುತ್ತಿತ್ತು.