ಮಕ್ಕಳ ಡಾಕ್ಟರು ನುಂಗಿಕೊಂಡ ಮಾತು

ಮಗುವನ್ನು ಮುಟ್ಟುವ ಮೊದಲು ನಮ್ಮ ಮಕ್ಕಳ ಡಾಕ್ಟರು ಎರಡೂ ಅಂಗೈಯನ್ನು ಪರಪರ ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದರು. ದಪ್ಪ ಬೆರಳುಗಳು, ಉಗುರಿನ ಸುತ್ತ ಟಿಂಚರಿನ ಕಂದು ಕಲೆ. ಹುಣಸೂರಿನ ಆ ಸಣ್ಣ ನರ್ಸಿಂಗ್ ಹೋಮಿನಲ್ಲಿ ನಾನು ಅವರ ಕೈಕೆಳಗೆ ನರ್ಸಾಗಿದ್ದೆ.

ಇಷ್ಟು ಮೃದು ಮನುಷ್ಯ, ಸೂಜಿ ಚುಚ್ಚುವಾಗ ಮಾತ್ರ ಹಿಂದೆಮುಂದೆ ನೋಡುತ್ತಿರಲಿಲ್ಲ. "ಇದಕ್ಕಿನ್ನೂ ಲೋಕಾನೇ ಗೊತ್ತಿಲ್ಲ, ನೋವೆಲ್ಲಿಂದ ಗೊತ್ತಾಗುತ್ತೆ ಸಿಸ್ಟರ್?" ಎನ್ನುವರು. ಅವರು ಓದುವ ಕಾಲದಲ್ಲಿ ಹಾಗೆಯೇ ಕಲಿಸಿದ್ದರಂತೆ. ಕೂಸಿನ ಹೊಟ್ಟೆಗೆ ಬರೆ ಹಾಕಿಸಿಕೊಂಡು ಬರುವ ಅಜ್ಜಿಯರಿಗೆ ಮೈ ನೀರಿಳಿಯುವಂತೆ ಬಯ್ಯುತ್ತಿದ್ದರು, ಅದೂ ನೋವಾಗುತ್ತದೆಂದಲ್ಲ, ಗಾಯ ಕೀವಾಗುತ್ತದೆಂದು.

ಕಟ್ಟೆಮಳಲವಾಡಿಯ ಒಬ್ಬಳ ಗಂಡುಕೂಸಿಗೆ ಎದೆಯೊಳಗೆ ಗಾಳಿ ತುಂಬಿಕೊಂಡು ಉಸಿರು ಕಟ್ಟಿತ್ತು. ಮರಗಟ್ಟಿಸುವ ಇಂಜೆಕ್ಷನ್ ಕೊಡದೆಯೇ ಪಕ್ಕೆ ಕೊಯ್ದು ನಳಿಗೆ ಇಟ್ಟರು. ಬಾಗಿಲಲ್ಲಿ ನಡುಗುತ್ತಿದ್ದ ತಾಯಿಗೆ, "ನೋವಾಗಲ್ಲ ಕಣಮ್ಮ, ಏನೂ ಗೊತ್ತಾಗಲ್ಲ" ಎಂದರು. ಮಾರನೆಯ ದಿನ ಕೂಸು ಹೋಯಿತು.

ಎಷ್ಟೋ ವರ್ಷಗಳ ಮೇಲೆ ನರ್ಸಿಂಗ್ ಹೋಮಿಗೆ ಕಂಪ್ಯೂಟರ್ ಬಂತು. ಹಸುಗೂಸಿನ ನೋವನ್ನು ಗುರುತಿಸುವುದು ಹೇಗೆಂದು ಇಂಟರ್ನೆಟ್ಟಿನಲ್ಲೇ ಒಂದು ತರಬೇತಿ. ನನಗೋ ಆ ಡಬ್ಬ ಕಂಡರೇ ಆಗದು, ಆದರೂ ಡಾಕ್ಟರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ನೋವಿನಲ್ಲಿರುವ ಕೂಸಿನ ಮುಖದ ಚಿತ್ರ ಪರದೆಯ ಮೇಲಿನಿಂದ ಚೂರುಚೂರೇ ಇಳಿಯಿತು. ಗಂಟಿಕ್ಕಿದ ಹಣೆ, ಬಿಗಿದ ಕಣ್ಣು. ಬಾಯಿ ಕಾಣಿಸುವಷ್ಟರಲ್ಲಿ ಡಾಕ್ಟರು ಎದ್ದುಬಿಟ್ಟರು.

"ಆ ಕಟ್ಟೆಮಳಲವಾಡಿ ಹುಡುಗ ಹಿಂಗೇ ಇದ್ದ, ಅಲ್ವಾ ಸಿಸ್ಟರ್?"

ನಾನು ಹೌದೆಂದೆ.

"ಅಜ್ಜೀರಿಗೆ ಬಯ್ತಿದ್ದೆ. ನಾನೇನು ಕಮ್ಮಿ ಮಾಡ್ದೆ?"

ಅಂದಿನಿಂದ ಅವರ ನಗು ನಿಂತಿತು. ತರಬೇತಿ ಮುಗಿಸಿದರು, ಸೂಜಿಗೆ ಮೊದಲು ಕೂಸಿನ ನಾಲಿಗೆಗೆ ಸಕ್ಕರೆ ನೀರು ಬಿಡುವುದನ್ನು ನಮಗೆಲ್ಲ ಕಲಿಸಿದರು. ಆದರೂ ಸಮಾಧಾನವಿಲ್ಲ. ಆ ತಾಯಿಗೆ ನಿಜ ಹೇಳಿ ಕ್ಷಮೆ ಕೇಳಬೇಕೆಂದು ಹಟ ಹಿಡಿದರು. "ಈಗ್ಯಾಕೆ ಸಾರ್ ಹಳೇ ಗಾಯ ಕೆದಕೋದು?" ಎಂದು ನಾನು ಸಿಡುಕಿದೆ. ಕೇಳಲಿಲ್ಲ. ಒಂದು ಭಾನುವಾರ ಇಬ್ಬರೂ ಕಾರಿನಲ್ಲಿ ಹೋದೆವು.

ಆಕೆ ಗುರುತು ಹಿಡಿದು ಮಜ್ಜಿಗೆ ಕೊಟ್ಟಳು. ಇವರು ಬಾಯಿ ತೆರೆಯುವ ಮೊದಲೇ ಅಂದಳು: "ಕೂಸು ಓಯ್ತು, ಬುಡಿ ಸಾಮಿ. ನೋವಿಲ್ದಂಗೆ ಓಯ್ತಲ್ಲ. ನೀವು ಅವತ್ತು ಯೋಳಿದ್ರಲ್ಲ, ಆ ಮಾತು ಇಡ್ಕಂಡೇ ಬದುಕಿವ್ನಿ."

ಡಾಕ್ಟರು ಮಜ್ಜಿಗೆ ಕುಡಿದು, ಲೋಟ ಕೆಳಗಿಟ್ಟು, "ಬರ್ತೀನಮ್ಮ" ಎಂದರು. ದಾರಿಯಲ್ಲಿ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನುಗಳ ಹತ್ತಿರ ಕಾರು ನಿಲ್ಲಿಸಿ, ಸ್ಟೇರಿಂಗಿಗೆ ತಲೆಯಿಟ್ಟು ಅತ್ತರು.

ಎರಡು ವರ್ಷವೂ ತುಂಬಿರಲಿಲ್ಲ, ಅವರಿಗೆ ಮೂಳೆಯ ಕ್ಯಾನ್ಸರ್. ಯಾವ ಔಷಧಿಗೂ ಬಗ್ಗದ ನೋವು. ಕೊನೆಯ ವಾರ ಅವರ ನರಳಾಟ ಬೀದಿಗೆ ಕೇಳುತ್ತಿತ್ತು. ನಾನೇ ಪಕ್ಕದಲ್ಲಿದ್ದೆ.

ಅವರನ್ನು ಮಣ್ಣು ಮಾಡುವ ದಿನ ಆ ತಾಯಿಯೂ ಬಂದಿದ್ದಳು. ಡಾಕ್ಟರ ಕಾಲು ಮುಟ್ಟಿ ನಮಸ್ಕರಿಸಿ, ನನ್ನ ಕೈ ಹಿಡಿದು ಕೇಳಿದಳು: "ಸಿಸ್ಟ್ರವ್ವ, ಕೊನೇಲಿ ಬಾಳ ನೋವಾಯ್ತಾ?"

"ಇಲ್ಲ ಕಣವ್ವ," ಎಂದೆ. "ಏನೂ ಗೊತ್ತಾಗಲಿಲ್ಲ."