‘ಇತರೆ’ ಎಂಬ ಕಾಲಂ

ಹಳೆಯ ಗ್ರಾಫಿಕ್ಸ್ ಕಾರ್ಡಿಗೂ ಒಂದು ವಾಸನೆ ಇರುತ್ತದೆ ಎಂದರೆ ನೀವು ನಗಬಹುದು. ಬಿಸಿಯಾಗಿ ಬಿಸಿಯಾಗಿ ತಣಿದ ಧೂಳಿನ ವಾಸನೆ ಅದು. ಇಸ್ತ್ರಿ ಪೆಟ್ಟಿಗೆಯನ್ನು ಬಹಳ ದಿನಗಳ ಮೇಲೆ ಹಚ್ಚಿದಾಗ ಬರುವಂಥದ್ದು. ಮುಲುಂಡಿನ ನಮ್ಮ ಬಿಲ್ಡಿಂಗನ್ನು ಕೆಡವಿ ಹೊಸದು ಕಟ್ಟುತ್ತಾರಂತೆ, ಎಲ್ಲರೂ ಬಾಡಿಗೆ ಮನೆ ನೋಡಿಕೊಳ್ಳಬೇಕು. ಹಾಗಾಗಿ ಕಳೆದ ಭಾನುವಾರ ಲಾಫ್ಟಿನ ಮೇಲಿದ್ದದ್ದನ್ನೆಲ್ಲ ಇಳಿಸುತ್ತಿದ್ದೆ. ಒಂದು ಬಿಸ್ಕತ್ತಿನ ಡಬ್ಬದಲ್ಲಿ ಆ ವಾಸನೆ ಸಿಕ್ಕಿತು. ಅಂಗೈಗಿಂತ ತುಸು ದೊಡ್ಡದಾದ ಹಸಿರು ಹಲಗೆ, ಅದರ ಮೇಲೊಂದು ಪುಟ್ಟ ಫ್ಯಾನು, ಕೆಳಗೆ ನಾಲ್ಕು ಮಡಿಕೆಯ ಕಾಗದ. ಬಿಡಿಸುವ ಮೊದಲೇ ಆ ಕಾಗದ ಏನೆಂದು ನನಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಸ್ವಲ್ಪ ಹೊತ್ತು ಬಿಡಿಸಲಿಲ್ಲ.

ಇಲ್ಲಿ ನನ್ನ ಬಗ್ಗೆ ಎರಡು ಮಾತು ಹೇಳಿಬಿಡಬೇಕು. ನಿವೃತ್ತನಾಗುವವರೆಗೂ ಸಾಂತಾಕ್ರೂಜಿನ ಒಂದು ಕಚೇರಿಯ ಖರೀದಿ ವಿಭಾಗದಲ್ಲಿದ್ದವನು ನಾನು. ಅಲ್ಲಿ ಕಸಬರಿಗೆ ಕೊಳ್ಳಬೇಕಾದರೂ ಮೂರು ಕೊಟೇಶನ್ ತರಿಸಿ, ಪಕ್ಕಪಕ್ಕದಲ್ಲಿಟ್ಟು ಪಟ್ಟಿ ಮಾಡಬೇಕು. ಅದಕ್ಕೆ ‘ಕಂಪ್ಯಾರಿಟಿವ್’ ಎಂದು ಹೆಸರು. ಉದ್ದಗೆರೆ, ಅಡ್ಡಗೆರೆ, ಕೊನೆಯಲ್ಲಿ ‘ಇತರೆ’ ಎಂಬ ಕಾಲಂ. ಎಲ್ಲೂ ಕೂರದ ಸಂಗತಿಗಳನ್ನು ನಾವು ಅಲ್ಲಿಗೆ ತಳ್ಳುತ್ತಿದ್ದೆವು. ಸಾಹೇಬರು ಅದೊಂದನ್ನು ಬಿಟ್ಟು ಉಳಿದದ್ದನ್ನು ಓದಿ ಸಹಿ ಹಾಕುತ್ತಿದ್ದರು. ಈ ಚಟ ನನ್ನ ಜೊತೆ ಲೋಕಲ್ ಟ್ರೇನು ಹತ್ತಿ ಮನೆಗೂ ಬಂತು. ಕುಕ್ಕರಿಗೆ, ಕೊಡೆಗೆ, ಸೊಳ್ಳೆಪರದೆಗೆ ಕೂಡ ನಾನು ಕಂಪ್ಯಾರಿಟಿವ್ ಮಾಡಿದ್ದುಂಟು. ನಮ್ಮ ಮಾವನವರು ಇಂಥದೊಂದು ಪಟ್ಟಿ ಮಾಡಿ ಅಳಿಯನನ್ನು ಆರಿಸಿದ್ದರೆ ನನ್ನ ಹೆಸರು ಮೊದಲ ಸುತ್ತಿನಲ್ಲೇ ಬಿದ್ದುಹೋಗುತ್ತಿತ್ತು.

ಅವರ ಮಗಳು ಸುಮಿತ್ರಾ ಮೈಸೂರಿನಲ್ಲಿ ಡಿಪ್ಲೊಮಾ ಮುಗಿಸಿ ಮುಂಬಯಿಗೆ ಬಂದವಳು. ಮನೆಯ ನಕ್ಷೆ ಬರೆಯುವುದರಲ್ಲಿ ಪಳಗಿದ ಕೈ. ಇಪ್ಪತ್ತು ವರ್ಷಕ್ಕೂ ಹಿಂದೆ, ಕಂಪ್ಯೂಟರಿಗೆ ನಮ್ಮ ಮನೆಯಲ್ಲಿ ಟವೆಲ್ ಹೊದಿಸುತ್ತಿದ್ದ ಕಾಲದಲ್ಲಿ, ಸಾಂತಾಕ್ರೂಜಿನ ಒಬ್ಬ ಬಿಲ್ಡರ್ ಅವಳಿಗೊಂದು ಅವಕಾಶ ಕೊಟ್ಟ. ಕಟ್ಟುವ ಮೊದಲೇ ಫ್ಲ್ಯಾಟಿನೊಳಗೆ ಓಡಾಡಿದ ಹಾಗೆ ಪರದೆಯ ಮೇಲೆ ತೋರಿಸಬೇಕು; ಒಪ್ಪಿಗೆಯಾದರೆ ಕಾಯಂ ಕೆಲಸ. ಸುಮಿತ್ರಾ ಮೂರು ತಿಂಗಳು ಕೂತು ಬಿಡಿಸಿದಳು. ಬಾಗಿಲ ಚಿಲಕವನ್ನೂ ಬಿಡಲಿಲ್ಲ. ಅಷ್ಟನ್ನೂ ಚಲಿಸುವಂತೆ ತೋರಿಸಲು ನಮ್ಮ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡು ಬೇಕಾಯಿತು. ಅಲ್ಲಿಗೆ ನಾನು ನನ್ನ ಸ್ಕೇಲು, ಪೆನ್ಸಿಲ್ ಹಿಡಿದು ಪ್ರವೇಶ ಮಾಡಿದೆ.

ಪದ್ಧತಿಯಂತೆ ಮೂರು ಕಾರ್ಡು. ಮೂರನೆಯದು ಬೆಲೆಯಲ್ಲೇ ಸೋತಿತು. ಉಳಿದ ಎರಡರಲ್ಲಿ ಮೊದಲನೆಯದರ ಮೆಮೊರಿ ನೂರಿಪ್ಪತ್ತೆಂಟು ಎಂ.ಬಿ., ಎರಡನೆಯದರದು ಅದರ ಅರ್ಧ, ಅರವತ್ನಾಲ್ಕು. ಬೆಲೆ ಹೆಚ್ಚುಕಡಿಮೆ ಒಂದೇ. ಖರೀದಿ ವಿಭಾಗದವನಿಗೆ ಇನ್ನೇನು ಬೇಕು? ಸುಮಿತ್ರಾಗೆ ಎರಡನೆಯದರ ಮೇಲೆ ಕಣ್ಣು. "ಕಂಪ್ಯೂಟರ್ ಕ್ಲಾಸಲ್ಲಿ ಇದರ ಮೇಲೇ ಕೆಲಸ ಮಾಡಿದೀನಿ ಕಣ್ರೀ, ಕೈಗೆ ಹಗುರವಾಗಿ ಬರುತ್ತೆ" ಎಂದಳು. ಕೈಗೆ ಹಗುರ ಎಂಬುದಕ್ಕೆ ನನ್ನ ಪಟ್ಟಿಯಲ್ಲಿ ಕಾಲಂ ಇರಲಿಲ್ಲ. ಮೊದಲನೆಯದನ್ನು ತಂದೆ.

ತೋರಿಸುವ ದಿನ ಟ್ಯಾಕ್ಸಿಯಲ್ಲಿ ಸಿಪಿಯು ಡಬ್ಬವನ್ನು ಅವಳೇ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬಿಲ್ಡರನ ಕಚೇರಿಯಲ್ಲಿ ಪರದೆಯ ಮೇಲೆ ಬಾಗಿಲು ಅರ್ಧ ತೆರೆದು ನಿಂತಿತು. ಗೋಡೆ ಬಂತು, ಕಿಟಕಿ ಆಮೇಲೆ ಬಂತು. ಹಾಲಿನಿಂದ ಅಡುಗೆಮನೆಗೆ ಹೋಗುವಷ್ಟರಲ್ಲಿ ನೋಡಲು ಕೂತವರು ಚಹಾ ಮುಗಿಸಿದ್ದರು. ತಿಳಿಸುತ್ತೇವೆ ಎಂದರು. ಹೀಗೆಂದವರು ತಿಳಿಸುವುದಿಲ್ಲ ಎಂದು ನಿಮಗೂ ಗೊತ್ತು. ಹಿಂತಿರುಗುವಾಗ ಎಲ್ಲಿ ತಪ್ಪಾಯಿತೆಂದು ಅವಳು ಕೇಳಿದಳು. ನಾನು ತಡವರಿಸದೆ ಉತ್ತರ ಕೊಟ್ಟೆ: "ನೀನು ತುಂಬಾ ಗೆರೆ ಹಾಕಿಬಿಟ್ಟೆ. ಡ್ರಾಯಿಂಗೇ ಭಾರ ಆಯ್ತು."

ನಮ್ಮ ಕಚೇರಿಯ ಕೆಳಗಿನ ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಸುಧಾಕರ ಶೆಟ್ಟರು ಎಂಬವರು ಕೂರುತ್ತಿದ್ದರು. ಏನು ಹೇಳಿದರೂ ಕಿವಿಗೊಡುವ ಮನುಷ್ಯ. ಒಂದು ವಾರದ ಮೇಲೆ ಅವರ ಮುಂದೆ ನನ್ನ ಪಟ್ಟಿಯನ್ನು ಹರಡಿ, ಆರಿಸಿದ್ದು ಎಷ್ಟು ಸರಿ ಎಂದು ಕೊಚ್ಚಿಕೊಳ್ಳುತ್ತಿದ್ದೆ. ಇತರೆ ಕಾಲಮಿನಲ್ಲಿ ಮೊದಲನೆಯದಕ್ಕೆ ಅರವತ್ನಾಲ್ಕು ಬಿಟ್, ಎರಡನೆಯದಕ್ಕೆ ನೂರಿಪ್ಪತ್ತೆಂಟು ಬಿಟ್ ಎಂದಿದ್ದದ್ದನ್ನು ಶೆಟ್ಟರು ತೋರಿಸಿ ಇದೆಂತದು ಎಂದು ಕೇಳಿದರು. ಮೆಮೊರಿಯಿಂದ ಒಂದು ಸಲಕ್ಕೆ ಎಷ್ಟು ಹೊರಗೆ ಬರುತ್ತದೆ ಎಂಬ ಲೆಕ್ಕ, ಅಷ್ಟೇನೂ ಮುಖ್ಯವಲ್ಲ ಎಂದೆ. ಅವರು ಅಡುಗೆಮನೆಯಿಂದ ತಟ್ಟೆ ಬರುವ ಕಿಂಡಿಯ ಕಡೆ ನೋಡಿದರು.

"ಅದು ಹೇಗೆ ಮಾರಾಯ್ರೆ? ಸ್ಟೋರ್ ರೂಮಿನಲ್ಲಿ ಇಪ್ಪತ್ತು ಮೂಟೆ ಅಕ್ಕಿ ಉಂಟು. ಆದರೆ ಗಿರಾಕಿಗೆ ದೋಸೆ ಬರುವುದು ಈ ಕಿಂಡಿಯಿಂದ ಅಲ್ವಾ?"

ನನ್ನ ಕಾರ್ಡಿನ ಸ್ಟೋರ್ ರೂಮು ದೊಡ್ಡದು, ಕಿಂಡಿ ಕಿರಿದು. ಸುಮಿತ್ರಾ ಕೇಳಿದ್ದರದು ನೇರ ಉಲ್ಟಾ. ಅಂದು ಕಾಫಿ ಅರ್ಧಕ್ಕೇ ಬಿಟ್ಟು ಎದ್ದೆ.

ಮನೆಗೆ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಮೊದಲ ದಿನ ನಾಚಿಕೆಯಾಯಿತು, ಆಮೇಲೆ ತಡವಾಯಿತು, ಆಮೇಲಾಮೇಲೆ, ಈಗ್ಯಾಕೆ ಎನಿಸಿತು. ಸುಮಿತ್ರಾ ಬಿಲ್ಡಿಂಗಿನ ಮಕ್ಕಳಿಗೆ ಗಣಿತ ಹೇಳಿಕೊಡತೊಡಗಿದಳು. ಯಾರಾದರೂ ನಕ್ಷೆಯ ಮಾತೆತ್ತಿದರೆ ನಗುತ್ತ, ಅದು ನನ್ನ ಕೈಲಾಗುವ ಕೆಲಸವಲ್ಲ ಎನ್ನುತ್ತಿದ್ದಳು. ಆಗೆಲ್ಲ ನಾನು ಪೇಪರಿನ ಹಿಂದೆ ಮುಖ ಮರೆಸಿಕೊಂಡಿದ್ದೇನೆ. ಹೇಡಿತನವಲ್ಲದೆ ಇದಕ್ಕೆ ಬೇರೆ ಹೆಸರಿಲ್ಲ.

ಭಾನುವಾರ, ಲಾಫ್ಟಿನ ಕೆಳಗೆ ಸ್ಟೂಲಿನ ಮೇಲೆ ಕೂತೇ, ಇನ್ನೂ ಮರೆತಿರದ ಆ ಎರಡೂ ಕಾರ್ಡುಗಳ ಹೆಸರನ್ನು ಫೋನಿನಲ್ಲಿ ಹುಡುಕಿದೆ. ಲೋಕದಲ್ಲಿ ನನ್ನಂಥವರು ಇನ್ನೂ ಇದ್ದಾರೆ. ಯಾರೋ ಪುಣ್ಯಾತ್ಮ ಈ ಸತ್ತ ಕಾರ್ಡುಗಳನ್ನೆಲ್ಲ ಅಕ್ಕಪಕ್ಕ ನಿಲ್ಲಿಸಿ ಹೋಲಿಸಿದ್ದ. ನನ್ನದು ಎರಡನೆಯದಕ್ಕಿಂತ ಎಷ್ಟೋ ಕೆಳಗಿತ್ತು. ಮೆಮೊರಿ ನೋಡಿ ಮೋಸಹೋಗಬೇಡಿ ಎಂದು ಒಂದು ಸಾಲು ಬೇರೆ. ಆಮೇಲೆ ಕಾಗದ ಬಿಡಿಸಿದೆ. ಎರಡನೆಯ ಕಾರ್ಡಿನ ಎದುರು, ಇತರೆ ಕಾಲಮಿನಲ್ಲಿ, ಬಿಟ್‌ಗಳ ಕೆಳಗೆ, ನನ್ನದೇ ಗುಂಡು ಅಕ್ಷರ: ‘ಸುಮಿತ್ರಾಗೆ ಇದು ಬೇಕಂತೆ.’ ಇದನ್ನು ಬರೆದದ್ದು ನನಗೆ ನೆನಪೇ ಇರಲಿಲ್ಲ.

ಮೇಜಿನ ಮೇಲೆ ಹಿಂದಿನ ದಿನವಷ್ಟೇ ಮಾಡಿದ ಇನ್ನೊಂದು ಪಟ್ಟಿ ಇತ್ತು. ಎರಡು ಬಾಡಿಗೆ ಮನೆಗಳು: ಒಂದು ಇಲ್ಲೇ ಮುಲುಂಡಿನ ಸ್ಟೇಷನ್ ಪಕ್ಕ, ಇನ್ನೊಂದು ದೂರದ ಮಲಾಡಿನಲ್ಲಿ. ವಿಸ್ತೀರ್ಣ, ದೂರ, ಲಿಫ್ಟು, ನೀರು, ಎಲ್ಲದರಲ್ಲೂ ಮುಲುಂಡಿಗೇ ಗೆಲುವು. ಮಲಾಡಿನ ಎದುರು ಇತರೆಯಲ್ಲಿ ಹೀಗಿತ್ತು: ‘ಸುಮಿತ್ರಾಗೆ ಇದು ಬೇಕಂತೆ.’

ಎರಡೂ ಕಾಗದ ಹಿಡಿದು ಅಡುಗೆಮನೆಗೆ ಹೋದೆ. ಸುಮಿತ್ರಾ ನೆಲದ ಮೇಲೆ ಕೂತು ಸ್ಟೀಲ್ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದಳು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ: ಕಾರ್ಡು, ಕಿಂಡಿ, ಶೆಟ್ಟರು, ಇಷ್ಟು ವರ್ಷ ಬಾಯಿ ಬಿಡದೆ ಕೂತದ್ದು. ಬೈಯಲಿ ಎಂದು ಕಾದೆ. ಅವಳು ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟಳು.

"ಹಾಗಾದ್ರೆ ನನ್ನ ಡ್ರಾಯಿಂಗ್ ಸರಿಯಾಗೇ ಇತ್ತಾ?" ಎಂದಳು.

"ಸರಿಯಾಗೇ ಇತ್ತು."

"ಇನ್ನೊಂದ್ಸಲ ಹೇಳಿ."

ಹೇಳಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಹೊಸ ಪಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಮಲಾಡಿನ ಮನೆ ಯಾಕೆ ಬೇಕು ಎಂದು ಆಗ, ಮೊದಲ ಬಾರಿಗೆ, ಕೇಳಿದೆ. ಅವಳು ಪೆನ್ಸಿಲ್ ಕೇಳಿದಳು. ಕಾಗದವನ್ನು ಮಗುಚಿ, ಸ್ಕೇಲಿಲ್ಲದೆ, ಬೆಳಗಿನ ಬಿಸಿಲು ಬರುವ ಆ ಮನೆಯ ಕಿಟಕಿಯನ್ನೂ ಅದರ ಕೆಳಗೊಂದು ಬರೆಯುವ ಮೇಜನ್ನೂ ಬಿಡಿಸತೊಡಗಿದಳು. ನಾನು ಪಕ್ಕದಲ್ಲಿ ಕೂತು ಪಾತ್ರೆ ಸುತ್ತಿದೆ.